ಪದವಿನ ಬಿಸಿಲಿನಲ್ಲಿ ನೆಟ್ಟಗಾದ ಪೈಪು

ಕಳೆದ ಫೆಬ್ರವರಿಯ ಕೊನೆಯ ವಾರ ಪೆರ್ಲ ಪೇಟೆಯಿಂದ ಜೀಪಿನ ಮೇಲೆ ಕಟ್ಟಿಸಿಕೊಂಡು ತಂದ ಕರಿ ಪೈಪಿನ ಸುರುಳಿಯೊಂದು ನಮ್ಮ ಅಂಗಳದಲ್ಲಿ ಇಳಿಯಿತು. 32 ಮಿಲಿಮೀಟರ್ ಹೊರವ್ಯಾಸದ, ಅಂಗಡಿಗಳಲ್ಲಿ ಒಂದಿಂಚಿನ ಪೈಪು ಎಂದೇ ಕೇಳಿ ಪಡೆಯುವ ಎಚ್‌ಡಿಪಿಇ, ಅಂದರೆ ಗಟ್ಟಿ ಪಾಲಿಥೀನಿನ ಪೈಪು ಅದು. ಉದ್ದ 100 ಮೀಟರ್, ಭಾರ 20 ಕಿಲೋಗಿಂತ ಸ್ವಲ್ಪ ಹೆಚ್ಚು. ಸುರುಳಿಯ ಅಡ್ಡಳತೆ ಸುಮಾರು ಒಂದು ಮೀಟರ್ ಇದ್ದುದರಿಂದ ಒಟ್ಟು ಮೂವತ್ತು ಸುತ್ತುಗಳಷ್ಟಿತ್ತು. ಆ ಮೂವತ್ತು ಸುತ್ತುಗಳನ್ನು ಬಿಚ್ಚಿ ನೆಟ್ಟಗೆ ಮಾಡುವ ಕೆಲಸದ ಕುರಿತೇ ಈ ಬರಹ. ಇದನ್ನು ಬರೆಯಬೇಕೆನಿಸಿದ್ದಕ್ಕೆ ಕಾರಣವಿದೆ. ನಮ್ಮ ಕಡೆಯ ಪ್ರತಿಯೊಂದು ತೋಟದಲ್ಲೂ ಪೈಪು ಇದೆ, ಪ್ರತಿಯೊಬ್ಬರೂ ಅದನ್ನು ಎಳೆದಾಡುತ್ತಾರೆ. ಆದರೆ ಅದನ್ನು ಕ್ರಮವಾಗಿ ನೇರ್ಪಡಿಸಿ ಹಾಕಿದವರು ಕಡಿಮೆ. ನೀರು ಬಾರದಿದ್ದಾಗ ನೀರಿನ ಸುರಂಗವನ್ನೋ ಪೈಪಿನ ಗುಣಮಟ್ಟವನ್ನೋ ದೂರುತ್ತೇವೆಯೇ ಹೊರತು ಪೈಪಿನ ಬಾಗನ್ನು ಗಮನಿಸುವುದಿಲ್ಲ. ಒಂದು ವರ್ಷ ನಾನೂ ಹಾಗೆಯೇ ಮಾಡಿದೆ.

ನಮ್ಮ ಮನೆ ಎಣ್ಮಕಜೆಯ ಒಳಭಾಗದಲ್ಲಿ, ಗುಡ್ಡದ ತಪ್ಪಲಿನಲ್ಲಿದೆ. ಮನೆಯ ಹಿಂದೆ ತೋಟ, ತೋಟದ ಮೇಲೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪದವು, ಅಂದರೆ ಬಟ್ಟ ಬಯಲು. ಆ ಗುಡ್ಡದ ಬದಿಯಲ್ಲಿ ಅಜ್ಜನ ಕಾಲದಲ್ಲಿ ಕೊರೆಸಿದ ಸುರಂಗವೊಂದಿದೆ. ಕಾಸರಗೋಡಿನ ಹೊರಗಿನವರಿಗೆ ಇದನ್ನು ಸ್ವಲ್ಪ ವಿವರಿಸಬೇಕು. ಬಾವಿಯನ್ನು ಕೆಳಮುಖವಾಗಿ ತೋಡುವಂತೆ ಸುರಂಗವನ್ನು ಗುಡ್ಡದ ಒಳಕ್ಕೆ ಅಡ್ಡವಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ನಡೆದು ಹೋಗುವಷ್ಟು ಕಿರಿದಾದ ಆ ದಾರಿಯ ಗೋಡೆಗಳಿಂದ ಒಸರುವ ನೀರು ತನ್ನಷ್ಟಕ್ಕೆ ಹೊರಕ್ಕೆ ಹರಿದು ಬಾಯಿಯ ಎದುರಿನ ಟಾಂಕಿಯಲ್ಲಿ ತುಂಬುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಾರು, ಶೇಣಿ, ಎಣ್ಮಕಜೆಯ ಕಡೆ ಇಂದಿಗೂ ಎಷ್ಟೋ ಮನೆಗಳು ಕುಡಿಯುವುದಕ್ಕೂ ತೋಟಕ್ಕೂ ಈ ನೀರನ್ನೇ ನಂಬಿವೆ. ಹಿಂದೆ ಟಾಂಕಿಯಿಂದ ಮನೆಯವರೆಗೆ ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆಗಳನ್ನು ಒಂದರ ತುದಿಗೆ ಇನ್ನೊಂದನ್ನಿಟ್ಟು, ಕವೆಗೋಲುಗಳ ಮೇಲೆ ಜೋಡಿಸಿ ನೀರು ತರುತ್ತಿದ್ದರು. ದಂಬೆಯ ಬಾಯಿ ಮೇಲಕ್ಕೆ ತೆರೆದಿರುವುದರಿಂದ ಅದರಲ್ಲಿ ಗಾಳಿ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಪೈಪು ಬಂದ ಮೇಲೆ ಹುಟ್ಟಿಕೊಂಡ ತೊಂದರೆ ಅದು.

ನನ್ನ ಉದ್ದೇಶ ಸರಳವಾಗಿತ್ತು. ಸುರಂಗದ ಟಾಂಕಿಯಿಂದ ಅಡುಗೆಮನೆಯ ಹಿಂದಿನ ಸಣ್ಣ ತೊಟ್ಟಿಯವರೆಗೆ ಒಂದೇ ಉದ್ದದ ಪೈಪು ಹಾಕಿ, ಕರೆಂಟು ಇಲ್ಲದ ದಿನಗಳಲ್ಲಿಯೂ ಅಮ್ಮನಿಗೆ ನೀರು ಹೊರುವ ಶ್ರಮವಿಲ್ಲದಂತೆ ಮಾಡಬೇಕು. ದೂರ 92 ಮೀಟರ್; ಟಾಂಕಿಯ ನೀರಿನ ಮಟ್ಟಕ್ಕೂ ತೊಟ್ಟಿಯ ಬಾಯಿಗೂ ಇರುವ ಎತ್ತರದ ವ್ಯತ್ಯಾಸ 4 ಮೀಟರ್.

ಈ 4 ಮೀಟರ್ ಎಂಬ ಅಳತೆಯನ್ನು ಪಡೆಯುವಾಗಲೇ ಬಾಗಿದ ಪ್ಲಾಸ್ಟಿಕ್ಕಿನ ಮೊದಲ ಪಾಠ ನನಗೆ ಸಿಕ್ಕಿತು. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಟ್ಯೂಬನ್ನು ತಂದಿದ್ದೆ. 15 ಮೀಟರ್ ಉದ್ದದ ಆ ಟ್ಯೂಬು ವರ್ಷಗಟ್ಟಲೆ ಮೊಳೆಗೆ ಸುತ್ತಿ ನೇತುಹಾಕಿದ್ದರಿಂದ ಸುರುಳಿಸುರುಳಿಯಾಗಿ ನೆಲದ ಮೇಲೆ ನಿಲ್ಲದೆ ಎದ್ದೇಳುತ್ತಿತ್ತು. ನೀರು ತುಂಬಿಸಿ ಎರಡು ತುದಿಗಳನ್ನು ಒಂದೇ ಕಂಬಕ್ಕೆ ಹಿಡಿದರೆ ಎರಡರ ಮಟ್ಟವೂ ಒಂದೇ ಇರಬೇಕು. ನಮ್ಮದರಲ್ಲಿ ಅಂತರ ಕಾಣಿಸಿತು. ಹುಡುಕಿದಾಗ ಮೂರನೆಯ ಬಾಗಿನ ನೆತ್ತಿಯಲ್ಲಿ ಅಡಿಕೆ ಹೋಳಿನಷ್ಟು ಉದ್ದದ ಗಾಳಿಯ ಗುಳ್ಳೆಯೊಂದು ಅಲುಗದೆ ಕುಳಿತಿತ್ತು. ಬೆರಳಿನಿಂದ ತಟ್ಟಿದರೆ ತುಸು ಸರಿದು ಮತ್ತೆ ಅದೇ ನೆತ್ತಿಗೆ ಬಂದು ನಿಲ್ಲುತ್ತಿತ್ತು. ಕೊನೆಗೆ ಟ್ಯೂಬನ್ನು ಅಂಗಳದ ಎರಡು ಕಂಬಗಳ ನಡುವೆ ಹಗುರವಾಗಿ ಎಳೆದು ಕಟ್ಟಿ, ಬಚ್ಚಲಿನ ಹಂಡೆಯಿಂದ ಸ್ನಾನಕ್ಕಿಂತ ಹೆಚ್ಚು ಬಿಸಿಯಾದ ನೀರನ್ನು ಒಂದು ತುದಿಯಿಂದ ಲಾಳಿಕೆಯಲ್ಲಿ ನಿಧಾನವಾಗಿ ಹೊಯ್ದೆವು. ನೀರು ಮುಂದೆ ಮುಂದೆ ಸಾಗಿದಂತೆ ಟ್ಯೂಬು ಕಣ್ಣೆದುರೇ ಮೆತ್ತಗಾಗಿ, ಒಂದೊಂದೇ ಬಾಗು ಬಿಡುತ್ತ ಜೋಲಿತು. ಅದರ ಮೇಲೆ ತಣ್ಣೀರು ಹರಿಸಿ, ಪೂರ್ತಿ ತಣಿಯುವವರೆಗೆ ಕಟ್ಟು ಬಿಚ್ಚಲಿಲ್ಲ. ಅರ್ಧ ಗಂಟೆಯಲ್ಲಿ ಟ್ಯೂಬು ನೆಟ್ಟಗಾಯಿತು, ಗುಳ್ಳೆ ಹೊರಟುಹೋಯಿತು, ಮಟ್ಟ ಸರಿಬಂತು.

ಮೆತ್ತನೆಯ ಪಿವಿಸಿಯಿಂದ ಮಾಡಿದ ಆ ಟ್ಯೂಬಿನಲ್ಲಿ ಅರ್ಧ ಗಂಟೆಗೆ ಆದ ಕೆಲಸ ಎಚ್‌ಡಿಪಿಇ ಪೈಪಿನಲ್ಲಿ ಮೂರು ದಿನ ತೆಗೆದುಕೊಂಡಿತು. ಕ್ರಮ ಮಾತ್ರ ಒಂದೇ: ಕಾಯಿಸಬೇಕು, ನೇರವಾಗಿ ಹಿಡಿದಿರಬೇಕು, ಹಿಡಿದಂತೆಯೇ ತಣಿಯಲು ಬಿಡಬೇಕು. ಈ ಮೂರರಲ್ಲಿ ಕೊನೆಯದನ್ನೇ ಎಲ್ಲರೂ ಅವಸರದಿಂದ ಬಿಟ್ಟುಬಿಡುತ್ತಾರೆ.

ಅದಕ್ಕೆ ಮೊದಲು ಹಿಂದಿನ ವರ್ಷ ಏನಾಯಿತೆಂಬುದನ್ನು ಹೇಳಬೇಕು. ಆಗ ತಂದದ್ದು ಕಡಿಮೆ ಬೆಲೆಯ, ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಮಾಡಿದ ತೆಳು ಪೈಪು. ಸುರುಳಿಯನ್ನು ನೆಲದಲ್ಲಿಟ್ಟು ತುದಿ ಹಿಡಿದು ಹಗ್ಗದಂತೆ ಎಳೆದುಕೊಂಡು ಹೋದೆವು. ಬಾಗಿದ್ದ ಕಡೆ ಕಲ್ಲು ಹೇರಿದೆವು. ಟಾಂಕಿಯ ವಾಲ್ವ್ ತಿರುಗಿಸಿದಾಗ ಕೆಳಗೆ ಗೊರಗೊರ ಸದ್ದು ಬಂತು, ಬೆರಳು ಗಾತ್ರದ ನೀರು ಬಂತು, 15 ಲೀಟರಿನ ಬಕೆಟ್ ತುಂಬುವುದಕ್ಕೆ ನಾಲ್ಕು ನಿಮಿಷಕ್ಕೂ ಮಿಕ್ಕಿ ಹಿಡಿಯಿತು. ಸಂಜೆಯ ಹೊತ್ತಿಗೆ ಅದೂ ನಿಂತಿತು. ಟಾಂಕಿ ತುಂಬಿತ್ತು, ಪೈಪಿನಲ್ಲಿ ಎಲ್ಲೂ ಸೋರಿಕೆ ಇರಲಿಲ್ಲ, ಆದರೂ ನೀರಿಲ್ಲ.

ಕಾರಣ ಆಮೇಲೆ ತಿಳಿಯಿತು. ಪೈಪು ಉದ್ದಕ್ಕೂ ಒಂದು ಮೊಳ, ಕೆಲವೆಡೆ ಒಂದೂವರೆ ಮೊಳ ಎತ್ತರಕ್ಕೆ ಕಮಾನಿನಂತೆ ಎದ್ದು ನಿಂತಿತ್ತು. ಖಾಲಿ ಪೈಪಿಗೆ ನೀರು ಬಿಟ್ಟಾಗ ಪ್ರತಿಯೊಂದು ಕಮಾನಿನ ನೆತ್ತಿಯಲ್ಲಿಯೂ ಅದರಾಚೆಯ ಇಳಿಜಾರಿನಲ್ಲಿಯೂ ಗಾಳಿ ಉಳಿದುಕೊಳ್ಳುತ್ತದೆ. ನೀರು ಕಮಾನನ್ನು ಹತ್ತಬೇಕಾದರೆ ಅಷ್ಟು ಎತ್ತರದ ಒತ್ತಡವನ್ನು ಕಳೆದುಕೊಳ್ಳಬೇಕು. ಆಚೆ ಇಳಿಯುವಾಗ ಆ ಒತ್ತಡ ಹಿಂದಕ್ಕೆ ಸಿಗಬೇಕಿದ್ದರೆ ಅಲ್ಲಿ ಪೈಪಿನ ತುಂಬ ನೀರಿರಬೇಕು. ಅಲ್ಲಿರುವುದು ಗಾಳಿಯಾದ್ದರಿಂದ ನೀರು ಅದರ ಅಡಿಯಲ್ಲಿ ತೆಳ್ಳಗೆ ಜಾರಿಹೋಗುತ್ತದೆ, ಅದರ ಭಾರ ಯಾವ ನೆರವಿಗೂ ಬರುವುದಿಲ್ಲ. ಹೀಗೆ ಪ್ರತಿಯೊಂದು ಕಮಾನಿನಲ್ಲಿಯೂ ಅರ್ಧ ಮೀಟರ್ ನಷ್ಟವಾದರೆ ಎಂಟು ಕಮಾನುಗಳಿಗೆ 4 ಮೀಟರ್ ಆಯಿತು. ನಮ್ಮಲ್ಲಿದ್ದ ಒಟ್ಟು ಎತ್ತರವೇ ಅಷ್ಟು. ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋದಷ್ಟು ಒತ್ತಡ ಕೊಡುತ್ತದೆ. ನಮ್ಮ ಕೈಯಲ್ಲಿದ್ದದ್ದು ಅದರ ಅರ್ಧವೂ ಅಲ್ಲ. ಪಂಪಿನ ನೀರಾದರೆ ಈ ಗಾಳಿಯನ್ನೆಲ್ಲ ದೂಡಿಕೊಂಡು ಹೋದೀತು. ಸುರಂಗದ ನೀರಿಗೆ ಆ ಬಲವಿಲ್ಲ. ಆದ್ದರಿಂದ ಪಂಪಿಲ್ಲದೆ ನೀರು ತರುವವರಿಗೆ ಪೈಪಿನ ನೇರ ಎಂಬುದು ಅಂದಚೆಂದದ ಮಾತಲ್ಲ, ನೀರು ಬರುತ್ತದೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿದೆ.

ಆ ತೆಳು ಪೈಪು ಎರಡನೆಯ ಬೇಸಗೆಯನ್ನು ಕಾಣಲಿಲ್ಲ. ಬಾಗನ್ನು ಕೈಯಿಂದ ಎದುರು ದಿಕ್ಕಿಗೆ ಒತ್ತಿದ ಕಡೆಯಲ್ಲೆಲ್ಲ ಸೀಳು ಬಂತು, ಉಳಿದದ್ದನ್ನು ಮುಳ್ಳುಹಂದಿ ಕಚ್ಚಿ ಹಾಕಿತು. ಈ ಬಾರಿ ಪೈಪಿನ ಮೈಮೇಲೆ ಐಎಸ್ 4984 ಎಂಬ ಗುರುತು ಅಚ್ಚಾಗಿರುವುದನ್ನು ನೋಡಿಯೇ ಕೊಂಡೆ. ಕುಡಿಯುವ ನೀರಿನ ಪಾಲಿಥೀನ್ ಪೈಪುಗಳಿಗೆ ನಮ್ಮ ದೇಶದಲ್ಲಿ ಇರುವ ಮಾನಕ ಅದು. ಕಡಿಮೆ ಬೆಲೆಯ ಪೈಪನ್ನು ನೆಟ್ಟಗೆ ಮಾಡುವ ಶ್ರಮ ವ್ಯರ್ಥ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಪೈಪು ತನ್ನ ಸುರುಳಿಯನ್ನು ಯಾಕೆ ಬಿಡುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಮುಂದಿನ ಕೆಲಸ ಹಗುರವಾಗುತ್ತದೆ. ಪಾಲಿಥೀನ್ ಎಂಬ ವಸ್ತು ಕೈಗಾರಿಕೆಗೆ ಒದಗುವ ರೀತಿಯಲ್ಲಿ ಮೊದಲು ದೊರೆತದ್ದು 1933ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪೆನಿಯ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬಿಬ್ಬರ ಕೈಗೆ, ಬೇರೇನನ್ನೋ ಮಾಡಲು ಹೊರಟಾಗ. ಅದು ಮೆತ್ತನೆಯ ಬಗೆ. ಇಂದಿನ ಗಟ್ಟಿ ಪೈಪುಗಳ ಎಚ್‌ಡಿಪಿಇಗೆ ದಾರಿ ತೆರೆದವುಗಳಲ್ಲಿ ಒಂದು 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಂಡುಹಿಡಿದ ವಿಧಾನ. ಎರಡರಲ್ಲಿಯೂ ಬಹಳ ಉದ್ದವಾದ ಅಣುಸರಪಳಿಗಳಿವೆ. ಅವು ಕೆಲವು ಕಡೆ ಒತ್ತೊತ್ತಾಗಿ ಮಡಚಿಕೊಂಡು ಹರಳಿನಂತೆ ಗಟ್ಟಿಯಾಗಿರುತ್ತವೆ, ಕೆಲವು ಕಡೆ ತೆಂಗಿನ ನಾರಿನ ಗುಪ್ಪೆಯಂತೆ ಸಡಿಲವಾಗಿ ಹೆಣೆದುಕೊಂಡಿರುತ್ತವೆ. ಕಾರ್ಖಾನೆಯಲ್ಲಿ ಅಚ್ಚಿನಿಂದ ಹೊರಬಂದ ಪೈಪನ್ನು ಸುತ್ತಿಟ್ಟಾಗ ಹೊರಮೈಯ ಸರಪಳಿಗಳು ಹಿಗ್ಗಿ, ಒಳಮೈಯವು ಕುಗ್ಗಿ ನಿಲ್ಲುತ್ತವೆ. ಆ ಕ್ಷಣದಲ್ಲಿಯೇ ಬಿಚ್ಚಿದರೆ ಪೈಪು ಬಹುಮಟ್ಟಿಗೆ ಮೊದಲಿನಂತಾದೀತು. ಆದರೆ ಗೋದಾಮಿನ ಸೆಖೆಯಲ್ಲಿ ತಿಂಗಳುಗಟ್ಟಲೆ ಹಾಗೆಯೇ ಕುಳಿತರೆ ಸರಪಳಿಗಳು ಒಂದರ ಮೇಲೊಂದು ಮೆಲ್ಲನೆ ಸರಿದು, ಬಾಗಿದ ರೂಪದಲ್ಲಿಯೇ ನೆಮ್ಮದಿ ಕಂಡುಕೊಳ್ಳುತ್ತವೆ. ಆಮೇಲೆ ಎಷ್ಟೇ ಜೋರಾಗಿ ಎಳೆದರೂ ಕೈ ಬಿಟ್ಟೊಡನೆ ಅದು ತನ್ನ ನೆಮ್ಮದಿಯ ರೂಪಕ್ಕೇ ಮರಳುತ್ತದೆ. ಹೊಸ ರೂಪದಲ್ಲಿ ನೆಮ್ಮದಿ ಕಾಣಬೇಕಾದರೆ ಅದಕ್ಕೆ ಮತ್ತೆ ಶಾಖ ಬೇಕು, ಮತ್ತೆ ಹೊತ್ತು ಬೇಕು. ಎಚ್‌ಡಿಪಿಇ ಕರಗುವುದು ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅಷ್ಟು ಬಿಸಿ ನಮಗೆ ಬೇಡ. ಅದರ ಅರ್ಧದಷ್ಟು ಬಿಸಿಯಲ್ಲಿ ಹಲವು ಗಂಟೆಗಳ ಕಾಲ ನೇರವಾಗಿ ಹಿಡಿದಿಟ್ಟರೆ ಸಾಕು. ಬಿಸಿಲಿನಲ್ಲಿ ಹಾಳಾಗದಿರಲೆಂದು ಈ ಪೈಪುಗಳಿಗೆ ನೂರಕ್ಕೆ ಎರಡು ಮೂರು ಪಾಲು ಮಸಿಯನ್ನು ಬೆರೆಸಿರುತ್ತಾರೆ. ಆ ಮಸಿಯೇ ಬಿಸಿಲಿನ ಶಾಖವನ್ನು ಹೀರಿ ನಮ್ಮ ಕೆಲಸಕ್ಕೂ ಒದಗುತ್ತದೆ.

ಇಷ್ಟೆಲ್ಲ ವಿವರವನ್ನು ನಾನು ಓದಿ ತಿಳಿದುಕೊಳ್ಳುವ ಮೊದಲೇ ಅಪ್ಪಚ್ಚಿ (ಚಿಕ್ಕಪ್ಪ) ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು: "ಬೆಶಿಲಿಂಗೆ ಹಾಕಿ ಮಡುಗು ಮಾಣೀ, ಎಳದು ಸರಿ ಮಾಡ್ಲೆ ಹೋಗೆಡ." ಬಿಸಿಲಿಗೆ ಹಾಕಿಡು, ಎಳೆದು ಸರಿಮಾಡಲು ಹೋಗಬೇಡ ಎಂದು. ಎಂಬತ್ತರ ಹತ್ತಿರದ ಅವರು ಬಿದಿರನ್ನು ಬೆಂಕಿಯ ಮೇಲೆ ಹಿಡಿದು ಬೆಚ್ಚಗೆ ಮಾಡಿ ಡೊಂಕು ತೆಗೆದು ದೋಟಿ ಮಾಡಿದವರು. ಬಿದಿರಿಗೆ ಬೆಂಕಿಯಾದರೆ ಪೈಪಿಗೆ ಬಿಸಿಲು ಎಂದು ಅವರಿಗೆ ಸಹಜವಾಗಿಯೇ ತೋರಿತ್ತು.

100 ಮೀಟರ್ ಪೈಪನ್ನು ನೇರವಾಗಿ ಹಾಸಲು ಅಂಗಳ ಸಾಲದು; ಸಾಲುತ್ತಿದ್ದರೂ ಆ ಹೊತ್ತಿಗೆ ಅಲ್ಲಿ ಅಡಿಕೆ ಒಣಗಲು ಹಾಕಿತ್ತು. ತೋಟದೊಳಗೆ ನೆರಳು. ಆದ್ದರಿಂದ ಸುರುಳಿಯನ್ನು ಪದವಿಗೆ ಹೊತ್ತೆವು. ಮುರಕಲ್ಲಿನ ಪದವು ಈ ಕೆಲಸಕ್ಕೆಂದೇ ಮಾಡಿಟ್ಟಂತಿದೆ. ಮಳೆಗಾಲದಲ್ಲಿ ಹಸಿರು ಹೊದ್ದಿರುವ ಆ ಬಯಲು ಮಾರ್ಚ್ ತಿಂಗಳಿನಲ್ಲಿ ಹುಲ್ಲೆಲ್ಲ ಸುಟ್ಟು, ಕರಿಗೆಂಪು ಕಲ್ಲು ಬರಿದಾಗಿ, ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಕಾಯುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಲ್ಲು. ಪೈಪಿಗೆ ಎರಡೂ ಕಡೆಯಿಂದ ಶಾಖ ಸಿಗುತ್ತದೆ.

ಸುರುಳಿಯನ್ನು ಬಿಚ್ಚುವಾಗ ಗಮನಿಸಬೇಕಾದ ಸಂಗತಿ ಒಂದಿದೆ. ನೆಲದಲ್ಲಿ ಮಲಗಿಸಿದ ಸುರುಳಿಯ ತುದಿಯನ್ನು ಹಿಡಿದು ಮೇಲಕ್ಕೆ ಎಳೆದರೆ ಒಂದೊಂದು ಸುತ್ತಿಗೆ ಒಂದೊಂದು ತಿರುಚು ಪೈಪಿನೊಳಗೆ ಸೇರಿಕೊಳ್ಳುತ್ತದೆ. ಮೂವತ್ತು ಸುತ್ತಿಗೆ ಮೂವತ್ತು ತಿರುಚು. ಬಾಗಿನ ಜೊತೆಗೆ ತಿರುಚೂ ಸೇರಿದರೆ ಪೈಪು ಹಾವಿನಂತೆ ಹೊರಳುತ್ತದೆ, ಕೆಲವೆಡೆ ಮಡಚಿ ಚಪ್ಪಟೆಯಾಗಿಬಿಡುತ್ತದೆ. ಮಡಚಿದ ಜಾಗ ಮತ್ತೆ ಎಂದೂ ಸರಿಯಾಗದು. ಅಲ್ಲಿ ಕತ್ತರಿಸಿ ಜಾಯಿಂಟ್ ಹಾಕುವುದೊಂದೇ ದಾರಿ. ಆದ್ದರಿಂದ ಸುರುಳಿಯನ್ನು ಬಂಡಿಯ ಗಾಲಿಯಂತೆ ನಿಲ್ಲಿಸಿ, ಹೊರತುದಿಯನ್ನು ಒಬ್ಬರು ಹಿಡಿದು ನಿಂತಿರುವಾಗ ಇನ್ನಿಬ್ಬರು ಗಾಲಿಯನ್ನು ಉರುಳಿಸುತ್ತ ಮುಂದೆ ಹೋಗಬೇಕು. ಕಟ್ಟಿದ ಪಟ್ಟಿಗಳನ್ನು ಒಮ್ಮೆಲೇ ಕತ್ತರಿಸದೆ, ಸುತ್ತು ಬಿಚ್ಚುತ್ತ ಹೋದಂತೆ ಒಂದೊಂದಾಗಿ ಕತ್ತರಿಸಬೇಕು; ಬಿಗಿಯಾಗಿ ಸುತ್ತಿದ ಪೈಪು ಚಿಮ್ಮಿ ಮುಖಕ್ಕೆ ಬಡಿಯುವ ಅಪಾಯ ನಿಜವಾಗಿಯೂ ಇದೆ. ಪೈಪಿನ ಉದ್ದಕ್ಕೂ ಅಚ್ಚಾದ ಬಿಳಿ ಅಕ್ಷರಗಳ ಸಾಲು ಒಂದೇ ಬದಿಯಲ್ಲಿ ಕಾಣುತ್ತಿದ್ದರೆ ತಿರುಚಿಲ್ಲ ಎಂದು ತಿಳಿಯಬಹುದು.

ಹೊರತುದಿಯನ್ನು ಒಂದು ಗೇರು ಮರದ ಬುಡಕ್ಕೆ ತೆಂಗಿನ ನಾರಿನ ಹಗ್ಗದಿಂದ ಬಿಗಿದೆವು. ಇನ್ನೊಂದು ತುದಿಗೆ ಕಟ್ಟಲು ಮರವಿರಲಿಲ್ಲ. ಮುರಕಲ್ಲಿನ ಬಿರುಕಿನಲ್ಲಿ ಹಾರೆಯೊಂದನ್ನು ನೆಟ್ಟು ಅದಕ್ಕೆ ಹಗ್ಗ ಹಾಕಿದೆವು. ಆಗ ಬೆಳಗ್ಗೆ ಎಂಟು ಗಂಟೆ. ಪೈಪು ಎರಡು ತುದಿಗಳ ನಡುವೆ ಉಬ್ಬುತಗ್ಗಾಗಿ, ಕೆಲವೆಡೆ ಮೊಣಕಾಲೆತ್ತರಕ್ಕೆ ಎದ್ದು ನಿಂತಿತ್ತು. ಜೊತೆಗೆ ಬಂದಿದ್ದ ಭಾವ ಇನ್ನಷ್ಟು ಬಿಗಿದು ಎಳೆಯೋಣ ಎಂದರು. ತೋಟದ ಕೆಲಸಕ್ಕೆ ಬರುವ ಅಣ್ಣ ಬೇಡವೆಂದರು. ನಾನು ಅಪ್ಪಚ್ಚಿಯ ಮಾತನ್ನು ನೆನೆದು ಹಾಗೆಯೇ ಬಿಟ್ಟೆ.

ಹನ್ನೊಂದು ಗಂಟೆಗೆ ಹೋಗಿ ನೋಡಿದರೆ ಹಗ್ಗ ಸಡಿಲವಾಗಿತ್ತು. ಯಾರೋ ಬಿಚ್ಚಿದರೇನೋ ಎಂದು ನೋಡಿದೆ; ಗಂಟು ಹಾಗೆಯೇ ಇತ್ತು. ಪೈಪೇ ಉದ್ದವಾಗಿತ್ತು. ಪಾಲಿಥೀನ್ ಪೈಪು ಒಂದು ಡಿಗ್ರಿ ಬಿಸಿಯೇರಿದರೆ ಒಂದು ಮೀಟರಿಗೆ ಸುಮಾರು 0.2 ಮಿಲಿಮೀಟರ್ ಹಿಗ್ಗುತ್ತದೆ. ಲೆಕ್ಕಕ್ಕೆ ಸಣ್ಣದಾಗಿ ಕಂಡರೂ 100 ಮೀಟರ್ ಪೈಪು 25 ಡಿಗ್ರಿ ಬಿಸಿಯೇರಿದಾಗ ಅದು ಅರ್ಧ ಮೀಟರ್ ಆಗುತ್ತದೆ. ಹೊತ್ತು ಏರಿದಂತೆ ಹಗ್ಗವನ್ನು ಎರಡು ಬಾರಿ ಎಳೆದು ಕಟ್ಟಿದೆವು; ಬಿಗಿಯಾಗಿ ಅಲ್ಲ, ಸಡಿಲ ಹೋಗುವಷ್ಟು ಮಾತ್ರ. ಮಧ್ಯಾಹ್ನ ಎರಡು ಗಂಟೆಗೆ ಪೈಪನ್ನು ಮುಟ್ಟಿದರೆ ಬೆರಳನ್ನು ಎರಡೆಣಿಸುವವರೆಗೂ ಇಡಲಾಗಲಿಲ್ಲ. ಬೆಳಗ್ಗೆ ಒತ್ತಿದರೆ ಕಬ್ಬಿಣದಂತಿದ್ದ ಅದರ ಮೈ ಈಗ ಹೆಬ್ಬೆರಳಿಗೆ ತುಸು ತಗ್ಗುತ್ತಿತ್ತು. ಬೈರಾಸನ್ನು ಕೈಗೆ ಸುತ್ತಿಕೊಂಡು, ಎದ್ದು ನಿಂತ ಬಾಗುಗಳನ್ನು ಒಂದೊಂದಾಗಿ ಎದುರು ದಿಕ್ಕಿಗೆ ಸ್ವಲ್ಪವೇ ಬಗ್ಗಿಸಿ ನೆಲಕ್ಕೆ ಕೂರಿಸಿದೆ. ಮೊಣಕಾಲೆತ್ತರದ ಬಾಗುಗಳು ಆಗಲೇ ಗೇಣಿನಷ್ಟಕ್ಕೆ ಇಳಿದಿದ್ದವು. ಕೂರದ ಕಡೆ ಎರಡು ಬದಿಗೂ ಕಲ್ಲು ಒತ್ತಿಟ್ಟೆ.

ಆ ದಿನ ನಾನು ಕಲಿತ ನಿಜವಾದ ಸಂಗತಿ ಸಂಜೆ ಕಂಡದ್ದು. ಆರೂವರೆಯ ಹೊತ್ತಿಗೆ ಗಾಳಿ ತಂಪಾಗಿ ಪೈಪು ತಣಿಯತೊಡಗಿದಾಗ ಮಧ್ಯಾಹ್ನ ಸಡಿಲವಾಗಿದ್ದ ಹಗ್ಗ ತನ್ನಿಂದ ತಾನೇ ಬಿಗಿಯುತ್ತ ಬಂತು. ಬೆರಳಿನಿಂದ ಮೀಟಿದರೆ ಸದ್ದು ಬರುವಷ್ಟು ಬಿಗಿಯಾಯಿತು. ಹಾರೆ ಒಂದಿಷ್ಟು ಓರೆಯಾಯಿತು. ಮಧ್ಯಾಹ್ನ ಹಿಗ್ಗಿದ್ದ ಪೈಪು ಈಗ ಕುಗ್ಗಲು ಹೊರಟಿತ್ತು; ಎರಡು ತುದಿಗಳೂ ಕಟ್ಟಿದ್ದರಿಂದ ಕುಗ್ಗಲಾರದೆ ತನ್ನನ್ನು ತಾನೇ ನೇರಕ್ಕೆ ಎಳೆದುಕೊಳ್ಳುತ್ತಿತ್ತು. ನಾಲ್ಕು ಜನ ಸೇರಿ ಎಳೆದರೂ ಇಷ್ಟು ಸಮನಾಗಿ, ಇಷ್ಟು ನಿಧಾನವಾಗಿ, ಉದ್ದಕ್ಕೂ ಒಂದೇ ಬಲದಿಂದ ಎಳೆಯುವುದು ಸಾಧ್ಯವಿರಲಿಲ್ಲ. ಭಾವ ಹೇಳಿದಂತೆ ಬೆಳಗ್ಗೆಯೇ ಬಿಗಿದು ಕಟ್ಟಿದ್ದರೆ ಮಧ್ಯಾಹ್ನಕ್ಕೆ ಅದು ಹೇಗೂ ಸಡಿಲವಾಗುತ್ತಿತ್ತು. ಮಧ್ಯಾಹ್ನ ಬಿಗಿದು ಕಟ್ಟಿದ್ದರೆ ಸಂಜೆ ಹಗ್ಗವೋ ಹಾರೆಯೋ ಕೈಬಿಡುತ್ತಿತ್ತು. ಮಧ್ಯಾಹ್ನದ ಬಿಸಿಯಲ್ಲಿ ಹಗುರವಾಗಿ ಕಟ್ಟಿ, ಬೆಳಗಿನವರೆಗೆ ಮುಟ್ಟದಿರುವುದೇ ಸರಿಯಾದ ಕ್ರಮ. ಅದೇ ಸಂಜೆ ಕಟ್ಟು ಬಿಚ್ಚಿದರೆ ಅರ್ಧ ಬಾಗು ಮರಳಿ ಬರುತ್ತದೆ. ಗೇರು ಮರದ ಕಡೆಯ ತುದಿಯ ಒಂದು ಮಾರಿನಷ್ಟು ಭಾಗ ಹಗ್ಗದಾಚೆ ಸ್ವತಂತ್ರವಾಗಿ ಉಳಿದಿತ್ತು, ಅದು ಮರುದಿನವೂ ಮೊದಲಿನಂತೆಯೇ ಕೊಕ್ಕೆಯಾಗಿ ನಿಂತಿದ್ದುದನ್ನು ನೋಡಿ ಇದು ನನಗೆ ಖಚಿತವಾಯಿತು.

ಎರಡನೆಯ ದಿನದ ಸಂಜೆಗೆ ಪೈಪಿನ ಬಹುಪಾಲು ನೆಟ್ಟಗಾಗಿತ್ತು. ಹಾರೆಯ ಕಡೆಯ ಸುಮಾರು 15 ಮೀಟರ್ ಮಾತ್ರ ಹಟ ಬಿಡಲಿಲ್ಲ. ಅದು ಸುರುಳಿಯ ಒಳಸುತ್ತು. ಹೊರಸುತ್ತಿಗಿಂತ ಕಿರಿದಾಗಿ ಬಾಗಿದ್ದರಿಂದ ಅದರ ಬಾಗು ಹೆಚ್ಚು ಗಾಢವಾಗಿತ್ತು. ಆ ಭಾಗಕ್ಕೆ ಮೂರನೆಯ ದಿನ ಬಿಸಿಲಿನ ಜೊತೆಗೆ ಬಿಸಿನೀರನ್ನೂ ಕೊಟ್ಟೆವು. ಪದವಿನಲ್ಲಿಯೇ ಮೂರು ಕಲ್ಲಿಟ್ಟು ಒಲೆ ಮಾಡಿ, ಕುದಿಯುವ ನೀರನ್ನು ಹಳೆಯ ಬಟ್ಟೆ ಸುತ್ತಿದ ಪೈಪಿನ ಮೇಲೆ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಹೊಯ್ದೆವು. ಬಟ್ಟೆ ಸುತ್ತಿದರೆ ನೀರು ಜಾರಿಹೋಗದೆ ಶಾಖ ಅಲ್ಲಿಯೇ ನಿಲ್ಲುತ್ತದೆ. ಕುದಿಯುವ ನೀರು 100 ಡಿಗ್ರಿಯನ್ನು ದಾಟದಿರುವುದರಿಂದ ಎಚ್‌ಡಿಪಿಇಗೆ ಅದರಿಂದ ಹಾನಿಯಿಲ್ಲ. ತೋಟದಲ್ಲಿ ಬಳಸುವ ಮೆತ್ತನೆಯ ಎಲ್‌ಡಿಪಿಇ ಪೈಪು ಸುಮಾರು 110 ಡಿಗ್ರಿಯಲ್ಲಿಯೇ ಕರಗುವುದರಿಂದ ಅದಕ್ಕೆ ಕುದಿನೀರು ಹೊಯ್ಯುವುದು ಬೇಡ.

ಬೆಂಕಿಯನ್ನು ನೇರವಾಗಿ ತಾಗಿಸುವುದನ್ನು ನಮ್ಮ ಕಡೆ ಹಲವರು ಮಾಡುತ್ತಾರೆ. ತೆಂಗಿನ ಗರಿಯ ಸೂಟೆ ಹಿಡಿದು ಪೈಪಿನ ಮೈಗೆ ಸವರುತ್ತಾರೆ. ಒಳಮೈ ಬೆಚ್ಚಗಾಗುವ ಮೊದಲೇ ಹೊರಮೈ ಕರಗಿ ಹೊಳೆಯತೊಡಗುತ್ತದೆ, ಬಾಗಿದ ಹೊರಬದಿ ತೆಳ್ಳಗಾಗುತ್ತದೆ. ಮುಂದೆ ಒಡೆಯುವುದು ಅಲ್ಲಿಯೇ. ಪಿವಿಸಿಗಂತೂ ಬೆಂಕಿ ಹಿಡಿಸಲೇಬಾರದು. ಅದು ಸುಟ್ಟರೆ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಗಂಟಲನ್ನೂ ಶ್ವಾಸಕೋಶವನ್ನೂ ಸುಡುತ್ತದೆ. ಮಕ್ಕಳು ಹತ್ತಿರ ನಿಂತಿರುವಾಗ ಈ ಕೆಲಸ ಮಾಡುವುದನ್ನು ಕಂಡು ನಾನು ಒಂದೆರಡು ಮನೆಗಳಲ್ಲಿ ಬೇಡವೆಂದು ಹೇಳಿದ್ದೇನೆ. ಜೀಪಿಗೆ ಕಟ್ಟಿ ಎಳೆಯುವವರೂ ಇದ್ದಾರೆ. ಅದರಿಂದ ಪೈಪು ನೆಟ್ಟಗೆ ಕಂಡರೂ ಒಂದೆಡೆ ಕತ್ತು ಹಿಸುಕಿದಂತೆ ಸಣ್ಣಗಾಗುತ್ತದೆ, ಮತ್ತು ಆ ಸಣ್ಣ ಕತ್ತು ಮಣ್ಣಿನಡಿಯಲ್ಲಿ ಕಾಣುವುದಿಲ್ಲ.

ಅಮ್ಮನ ತರಕಾರಿ ಸಾಲಿಗೆ ತಂದ 16 ಮಿಲಿಮೀಟರಿನ ಹನಿ ನೀರಾವರಿ ಪೈಪಿಗೆ ಇಷ್ಟು ಶ್ರಮ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಹಾಸಿ, ಎರಡು ತುದಿಗೆ ಗೂಟ ಹೊಡೆದು ಕಟ್ಟಿದರೆ ಮರುದಿನಕ್ಕೆ ಸಾಕಾಯಿತು.

ಮೂರು ರಾತ್ರಿ ಕಳೆದ ಮೇಲೆ ಪೈಪನ್ನು ಮತ್ತೆ ಸುತ್ತದೆ, ಐದು ಜನ ಹೆಗಲ ಮೇಲೆ ಹೊತ್ತು, ಸಾಲಾಗಿ ಪದವಿನಿಂದ ಇಳಿಸಿದೆವು. ಗುಡ್ಡದ ದಾರಿಯ ತಿರುವುಗಳಲ್ಲಿ ದೊಡ್ಡದಾಗಿ ಬಳಸಿಕೊಂಡು ಬರಬೇಕಾಯಿತು. ಇಳಿಸಿದ ದಿನವೇ ಮಧ್ಯಾಹ್ನದ ಬಿಸಿಲಿನಲ್ಲಿ ತೋಡಿದ ಕಾಲುವೆಯಲ್ಲಿ ಹಾಸಿ, ಅಳೆದು ಕತ್ತರಿಸಿ, ಟಾಂಕಿಯ ವಾಲ್ವಿಗೆ ಕ್ಲಿಪ್ಪು ಬಿಗಿದು, ತೊಟ್ಟಿಯ ಕಡೆಯ ಎಲ್ಬೋ ಎಂಬ ಬಾಗು ಜಾಯಿಂಟನ್ನೂ ಕೂರಿಸಿಬಿಟ್ಟೆ. ಇಲ್ಲಿ ನನ್ನಿಂದ ತಪ್ಪಾಯಿತು. ಪದವಿನಲ್ಲಿ ಮೂರು ಸಂಜೆ ಕಣ್ಣಾರೆ ಕಂಡದ್ದನ್ನು ಕಾಲುವೆಯಲ್ಲಿ ಮರೆತೆ. ಬಿಸಿ ಪೈಪನ್ನು ಎಳೆದು ನೇರಗೊಳಿಸಿ, ಸರಿಯಾದ ಅಳತೆಗೆ ಕತ್ತರಿಸಿದ್ದರಿಂದ ಅದಕ್ಕೆ ಕುಗ್ಗಲು ಜಾಗವೇ ಇರಲಿಲ್ಲ. ವಾಲ್ವ್ ತೆರೆದು ಸುರಂಗದ ತಣ್ಣೀರು ಒಳಗೆ ಹರಿದು, ರಾತ್ರಿಯೂ ಕಳೆದಾಗ ಮೇಲಿನ ಜಾಯಿಂಟ್ ಕಳಚಿ, ಪೈಪಿನ ತುದಿಗೂ ವಾಲ್ವಿಗೂ ನಡುವೆ ಒಂದು ಗೇಣಿಗೂ ಹೆಚ್ಚಿನ ಅಂತರ ಬಿದ್ದಿತ್ತು. ಒಂದು ರಾತ್ರಿಯಲ್ಲಿ ಟಾಂಕಿಯ ನೀರೆಲ್ಲ ಗುಡ್ಡದಲ್ಲಿ ಹರಿದುಹೋಯಿತು. ಬೇಸಗೆಯಲ್ಲಿ ಆ ನೀರಿನ ಬೆಲೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಟಾಂಕಿ ಮತ್ತೆ ತುಂಬಲು ಎರಡು ದಿನ ಹಿಡಿಯಿತು, ಆ ಎರಡು ದಿನ ಅಮ್ಮ ಕೊಡದಲ್ಲಿ ನೀರು ತಂದರು.

ಎರಡನೆಯ ಸಲ ಒಂದು ಮೀಟರ್ ತುಂಡನ್ನು ಸೇರಿಸಿ, ಬೆಳಗ್ಗೆ ಏಳು ಗಂಟೆಗೆ, ಪೈಪಿನೊಳಗೆ ತಣ್ಣೀರು ಇರುವಾಗಲೇ ಜೋಡಿಸಿದೆ. ಕಾಲುವೆಯಲ್ಲಿ ಪೈಪನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತುಸು ಓಲಾಡಿಸಿ ಹಾಸಿದೆ. ನೆಟ್ಟಗೆ ಮಾಡಿದ ಪೈಪನ್ನು ಮತ್ತೆ ಅಂಕುಡೊಂಕಾಗಿ ಹಾಕುವುದು ಏಕೆಂದು ಭಾವ ಕೇಳಿದರು. ಅಡ್ಡಕ್ಕೆ ಎಷ್ಟು ಓಲಾಡಿದರೂ ನೀರಿಗೆ ತೊಂದರೆಯಿಲ್ಲ, ಅಲ್ಲಿ ಗಾಳಿ ನಿಲ್ಲುವುದಿಲ್ಲ. ಮೇಲಕ್ಕೆ ಮಾತ್ರ ಏಳಬಾರದು. ಸುರುಳಿಯ ಬಾಗು ಕೆಟ್ಟದ್ದಾಗಿದ್ದುದು ಅದು ನಮ್ಮ ಮಾತು ಕೇಳದೆ ಮೇಲಕ್ಕೆ ಏಳುತ್ತಿದ್ದುದರಿಂದ. ನೆಟ್ಟಗಾದ ಪೈಪು ನಾವು ಇಟ್ಟ ಹಾಗೆ ಇರುತ್ತದೆ. ಕಾಲುವೆಯ ತಳವನ್ನು ಲೆವೆಲ್ ಟ್ಯೂಬಿನಿಂದ ಹತ್ತು ಮೀಟರಿಗೊಮ್ಮೆ ನೋಡಿ, ಎಲ್ಲಿಯೂ ಏರು ಬಾರದಂತೆ ಪಿಕ್ಕಾಸಿನಿಂದ ತಗ್ಗಿಸಿದೆವು. ಒಂದೆಡೆ ಬಂಡೆ ಅಡ್ಡ ಬಂದು ಏರು ತಪ್ಪಿಸಲಾಗಲಿಲ್ಲ. ಅಲ್ಲಿ ನೆತ್ತಿಗೆ ಮೂರು ಬಾಯಿಯ ಒಂದು ಟೀ ಜಾಯಿಂಟ್ ಹಾಕಿ, ಮೇಲಕ್ಕೆ ಸಣ್ಣ ಪೈಪನ್ನು ಟಾಂಕಿಯ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ನಿಲ್ಲಿಸಿ ಬಾಯಿ ತೆರೆದಿಟ್ಟೆ. ಗಾಳಿ ಅದರಿಂದ ಹೊರಹೋಗುತ್ತದೆ.

ವಾಲ್ವ್ ತೆರೆದಾಗ ಗೊರಗೊರ ಸದ್ದು ಒಂದು ನಿಮಿಷದಷ್ಟು ಇತ್ತು, ಆಮೇಲೆ ನಿಂತು ಪೈಪಿನ ಬಾಯಿ ತುಂಬಿ ನೀರು ಬಂತು. ಟಾಂಕಿ ತುಂಬಿದ್ದಾಗ ಅದೇ 15 ಲೀಟರಿನ ಬಕೆಟ್ ಈಗ 35 ಸೆಕೆಂಡಿನಲ್ಲಿ ತುಂಬುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಸುರಂಗದ ಒರತೆ ಬಹಳ ಇಳಿದಿತ್ತು, ಆಗಲೂ ಬರುವಷ್ಟು ನೀರು ನಿಲ್ಲದೆ ಬಂತು. ಮಳೆ ಹಿಡಿಯುವ ಮೊದಲು ಕಾಲುವೆಗೆ ಒಂದೂವರೆ ಅಡಿ ಮಣ್ಣು ಮುಚ್ಚಿದೆವು. ಮಣ್ಣಿನಡಿಯಲ್ಲಿ ಬಿಸಿಲಿನ ಏರಿಳಿತ ಕಡಿಮೆ, ಮುಳ್ಳುಹಂದಿಯ ಕಾಟವೂ ಕಡಿಮೆ.

ಕತ್ತರಿಸಿ ಉಳಿದ ಪೈಪಿನಲ್ಲಿ ಏಳು ಮೀಟರಿನ ಒಂದು ತುಂಡು ನನ್ನಲ್ಲಿದೆ. ಅದನ್ನು ಸುತ್ತಿ ಮೂಲೆಯಲ್ಲಿಡದೆ, ಹಟ್ಟಿಯ ಮಾಡಿನ ಪಕ್ಕಾಸುಗಳ ಅಡಿಯಲ್ಲಿ ನೀಳವಾಗಿ ಐದು ಕಡೆ ಕಟ್ಟಿ ಇಟ್ಟಿದ್ದೇನೆ. ಲೆವೆಲ್ ಟ್ಯೂಬೂ ಅದರ ಪಕ್ಕದಲ್ಲಿಯೇ ಇದೆ.